ರತ್ನಗಿರಿಯ ಹಗೇವು

ಮದರಾಸು
14 ಜೂನ್ 1943

ಪ್ರೀತಿಯ ಅಕ್ಕ ಚಿತ್ತಮ್ಮನಿಗೆ ನಮಸ್ಕಾರಗಳು.

ಕಂಪನಿ ಬಿಟ್ಟೆ. ಈ ಸುದ್ದಿ ಬೇರೆ ಯಾರಿಂದಲೋ ನಿನಗೆ ಮುಟ್ಟುವ ಮುಂಚೆ ನಾನೇ ಬರೆಯುತ್ತಿದ್ದೇನೆ. ಮುಂದಿನ ತಿಂಗಳಿನಿಂದ ನಾನು ಸರ್ಕಾರದ ನೌಕರ. ಯುದ್ಧ ಮುಗಿಯುವವರೆಗೆ ಧಾನ್ಯ ಸಂಗ್ರಹದ ಸ್ಪೆಷಲ್ ಆಫೀಸರ್. ವಾಸ ರಾಯದುರ್ಗದಲ್ಲಿ. ರಾಯದುರ್ಗ, ಮಡಕಶಿರಾ ಎರಡೂ ತಾಲೂಕುಗಳು ನನ್ನ ಕೈಕೆಳಗೆ. ಒಂದು ಬಳ್ಳಾರಿ ಜಿಲ್ಲೆಯದು, ಇನ್ನೊಂದು ಅನಂತಪುರದ್ದು. ಆದರೂ ಕನ್ನಡ, ತೆಲುಗು, ಹಣಕಾಸು ಮೂರೂ ಬಲ್ಲ ಒಬ್ಬನೇ ಮನುಷ್ಯ ಬೇಕೆಂದು ನನ್ನನ್ನು ಹುಡುಕಿ ಕೇಳಿದರು.

ಲಿಂಗಿಶೆಟ್ಟಿ ಬೀದಿಯಲ್ಲಿ ನಾನು ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಭಾವ ಪ್ರತಿ ಸಲ ಕೇಳುತ್ತಾರೆ. ಈ ಸಲ ಸರಿಯಾಗಿ ಹೇಳುತ್ತೇನೆ, ಓದಿ ಹೇಳು. ಒಬ್ಬನಿಗೆ ಗಿರಣಿ ಕಟ್ಟುವ ಆಸೆ, ಬಂಡವಾಳ ಇಲ್ಲ. ನಮ್ಮ ಕಂಪನಿ ಅವನ ಷೇರುಗಳನ್ನು ಜನರಿಗೆ ಮಾರಿಸಿ ಬಂಡವಾಳ ಎತ್ತಿಕೊಡುತ್ತಿತ್ತು. ಅದಕ್ಕೆ ಮುಂಚೆ ಅವನು ಹೇಳಿಕೊಂಡ ಸರಕು, ಯಂತ್ರ, ಜಮೀನು ನಿಜವಾಗಿ ಇವೆಯೇ ಎಂದು ನೋಡಿ ಬರುವುದು ನನ್ನ ಕೆಲಸ. ಕಡಪದ ಕಡೆಯ ಒಂದು ಎಣ್ಣೆ ಗಿರಣಿಯ ಮ್ಯಾನೇಜರ್ ಗೋದಾಮಿನ ಬೀಗದ ಕೈ ತರಿಸಲು ಸಂಜೆತನಕ ಸಮಯ ಕೇಳಿದ. ನಾನು ಕೊಡಲಿಲ್ಲ, ಬೀಗ ಒಡೆಸಿದೆ. ಡಬ್ಬಗಳಲ್ಲಿ ಎಣ್ಣೆಯ ಬದಲು ನೀರಿತ್ತು. ಸಮಯ ಕೇಳುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದನ್ನು ಅವತ್ತು ಕಲಿತೆ. ಕಂಪನಿಯಲ್ಲಿ ನಾನು ಮೇಲೆ ಬಂದದ್ದು ಆ ಒಂದು ಬೀಗದಿಂದ.

ಸಂಬಳ ಕಡಿಮೆ. ಆದರೆ ಪಟ್ಟಣಗಳಲ್ಲಿ ಜನ ಧಾನ್ಯಕ್ಕೆ ಸರದಿ ನಿಂತು ಬಿದ್ದು ಸಾಯುತ್ತಿದ್ದಾರೆ. ಹಳ್ಳಿಗಳಲ್ಲಿ ಅಡಗಿಸಿಟ್ಟದ್ದು ಹೊರಗೆ ಬಂದರೆ ಅವರು ಬದುಕುತ್ತಾರೆ. ಈ ಕೆಲಸ ನನಗೆ ಬರುತ್ತದೆ.

ನಿನ್ನ ತಮ್ಮ
ಲಕ್ಷ್ಮೀನರಸಪ್ಪ


ಮಡಕಶಿರಾ
3 ಜುಲೈ 1943

ತಮ್ಮ ನರಸಪ್ಪನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಅಂದ್ರೆ ಕಂಡೋರ ಮನೆ ಅಟ್ಟ ಹತ್ತಿ ಇಣುಕೋ ಕೆಲ್ಸ ಅನ್ನು. ಈಗ ಅದ್ನೇ ಸರ್ಕಾರದ ಟೋಪಿ ಹಾಕ್ಕಂಡು ಮಾಡ್ತಾನೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇಲ್ಲಿಯ ಆಸ್ಪತ್ರೆಯಲ್ಲಿ ನನಗೆ ಕೆಲಸ ಜಾಸ್ತಿ, ನಿನ್ನ ಭಾವನೇ ನಮ್ಮೂರು ರತ್ನಗಿರಿಗೂ ಇಲ್ಲಿಗೂ ಓಡಾಡುತ್ತಾರೆ. ಹೆರಿಗೆಗೆ ಬರುವ ಹೆಂಗಸರಲ್ಲಿ ರಕ್ತವೇ ಇಲ್ಲ. ಆದ್ದರಿಂದ ಧಾನ್ಯ ಬೇಡ ಎಂದು ನಾನು ಹೇಳುವುದಿಲ್ಲ. ಒಂದೇ ಮಾತು. ರತ್ನಗಿರಿಗೆ ಬರುವುದಾದರೆ ನಿನ್ನ ಭಾವನನ್ನು ಕೇಳಿ ಬಾ. ನೀನು ಎಂಟು ವರ್ಷಕ್ಕೇ ರಾಯದುರ್ಗದ ಮಾವನ ಮನೆಗೆ ಓದಲು ಹೋದೆ. ಕೋಟೆಯ ಕೆಳಗಿನ ನಮ್ಮ ಹಗೇವು ತೆಗೆಯುವುದನ್ನು ನೀನು ನೋಡಿಯೇ ಇಲ್ಲ. ಅದು ಒಬ್ಬರ ಗೋದಾಮಲ್ಲ. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿದ ಆ ಗುಂಡಿಯಲ್ಲಿ ಬೀದಿಯ ಎಲ್ಲ ಮನೆಗಳ ರಾಗಿಯೂ ಕೂಡಿ ಇರುತ್ತದೆ, ಊರಲ್ಲಿ ಇಲ್ಲದವರ ಪಾಲೂ ಇರುತ್ತದೆ. ಅಪ್ಪ ಹೋದ ಮೇಲೂ ನಿನ್ನ ಪಾಲು ಅಲ್ಲಿಗೆ ಬೀಳುತ್ತಲೇ ಇದೆ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವವರು, ತೆಗೆಯುವವರು ಅಪ್ಪನ ತರುವಾಯ ನಿನ್ನ ಭಾವ. ಅವರು ಹೇಳದೆ ಅದಕ್ಕೆ ಯಾರೂ ಇಳಿಯುವುದಿಲ್ಲ.

ರೊಳ್ಳದ ಕಡೆ ಕುರಿ ಮೇಯಿಸಿಕೊಂಡಿರುವ ನನ್ನ ಮೈದುನ ಬೋರಪ್ಪ ನಿನ್ನನ್ನು ಕೇಳಿದ. ನೀನು ಮೋಟಾರಿನಲ್ಲಿ ಬರುತ್ತೀಯೋ ಕುದುರೆ ಮೇಲೋ ಎಂದು ಅವನಿಗೆ ತಿಳಿಯಬೇಕಂತೆ.

ನಿನ್ನ ಅಕ್ಕ
ಚಿತ್ತಮ್ಮ


ರಾಯದುರ್ಗ
26 ಸೆಪ್ಟೆಂಬರ್ 1943

ಅಕ್ಕನಿಗೆ ನಮಸ್ಕಾರ.

ಹಣೆಗೆ ಹೊಲಿಗೆ ಬಿದ್ದಿದೆ, ಗಾಬರಿ ಬೇಡ. ಪೇಪರಿನಲ್ಲಿ ಬಂದದ್ದು ನಿಜ. ಸಂತೆಯಲ್ಲಿ ಜೋಳದ ವ್ಯಾಪಾರಿಯೊಬ್ಬನ ಮಳಿಗೆಯ ಹಿಂದೆ ಇನ್ನೊಂದು ಗೋಡೆ ಇತ್ತು. ಅದನ್ನು ಕೆಡವಿಸಿದೆ. ಮೂಟೆಗಳು ಕಂಡ ಕೂಡಲೇ ಸಂತೆಯ ಜನ ನುಗ್ಗಿದರು. ನಮಗೆ ಅಡ್ಡ ಬಂದವರಲ್ಲ, ಲೂಟಿಗೆ ಬಂದವರು. ನನ್ನ ಡ್ರೈವರಿಗೆ ಕಲ್ಲು ಬಿದ್ದು ಒಂದು ಕಣ್ಣು ಹೋಯಿತು. ಕೆಳಗೆ ಬಿದ್ದ ಒಬ್ಬ ಮುದುಕನ ಪಕ್ಕೆಯ ಮೇಲೆ ಜನ ಓಡಾಡಿದರು, ಅವನು ಮತ್ತೆ ಏಳಲಿಲ್ಲ. ರಿಸರ್ವ್ ಪೊಲೀಸರು ಲಾಠಿ ಬೀಸಿದರು. ಅವರು ದಕ್ಷಿಣದ ಜಿಲ್ಲೆಗಳವರು. ಕನ್ನಡ, ತೆಲುಗು ಎರಡೂ ಬಾರದು. ಯಾರು ಏನು ಕೂಗಿದರೂ ಅವರಿಗೆ ಬೈಗಳೇ.

ವ್ಯಾಪಾರಿ ನನ್ನ ಕಾಲಿಗೆ ಬಿದ್ದು, "ನಾಳಿ ತನಕ ಟೈಮ್ ಕೊಡ್ರಿ ಸಾಹೇಬ್ರ, ಎಲ್ಲಾ ತೋರಸ್ತೀನ್ರಿ" ಎಂದ. ಕೈಯಲ್ಲಿದ್ದ ಕಬ್ಬಿಣದ ಕೊಳಗದಿಂದ ಅವನ ಬಾಯಿಗೆ ಹೊಡೆದೆ. ಮದರಾಸಿನಲ್ಲಿ ಅಷ್ಟು ವರ್ಷ ನಾನು ಯಾರನ್ನೂ ಮುಟ್ಟಿರಲಿಲ್ಲ. ಅವನ ಹಲ್ಲುಗಳು ಜೋಳದ ಮೇಲೆ ಬಿದ್ದವು. ಆಮೇಲೆ ಅವನು ಇನ್ನೂ ಎರಡು ಗೋಡೆ ತೋರಿಸಿದ.

ಜಿಲ್ಲೆಯಲ್ಲೇ ನನ್ನ ಸಂಗ್ರಹ ಹೆಚ್ಚು. ಮದರಾಸಿನಿಂದ ಮೆಚ್ಚುಗೆ ಬಂದಿದೆ. ಬೆಳಕು ಹರಿಯುವ ಮುಂಚೆ ಹೋಗುವುದು, ತಕ್ಷಣ ತೆರೆಯುವುದು, ಮಾತಿಗೆ ಅವಕಾಶ ಕೊಡದಿರುವುದು. ಇಷ್ಟೇ ನನ್ನ ಪದ್ಧತಿ. ನವೆಂಬರಿನಲ್ಲಿ ಮಡಕಶಿರಾ ತಾಲೂಕು. ನಮ್ಮೂರೆಂದು ಬಿಟ್ಟರೆ ಉಳಿದ ಊರುಗಳಿಗೆ ನಾನು ಯಾವ ಮುಖ ತೋರಿಸಲಿ? ಭಾವನಿಗೆ ಮುಂಚೆ ತಿಳಿಸುವುದಕ್ಕೂ ಆಗುವುದಿಲ್ಲ. ನೀನೂ ತಿಳಿಸಬೇಡ.

ಲಕ್ಷ್ಮೀನರಸಪ್ಪ


ರಾಯದುರ್ಗ
24 ನವೆಂಬರ್ 1943

ಶ್ರೀಮತಿ ಚಿತ್ತಮ್ಮನವರಿಗೆ,

ಈ ತಿಂಗಳ 18ರಂದು ರತ್ನಗಿರಿಯಲ್ಲಿ ನಡೆದದ್ದು ನಿನಗೆ ಗೊತ್ತೇ ಇದೆ. ತನಿಖೆ ನಡೆಯುತ್ತಿರುವುದರಿಂದ ಹೆಚ್ಚು ಬರೆಯುವಂತಿಲ್ಲ. ಹಗೇವಿನೊಳಗೆ ಇಳಿದ ನಮ್ಮ ಇಬ್ಬರು ಹಮಾಲರು, ರಾಯದುರ್ಗದ ಪೆದ್ದಣ್ಣ ಮತ್ತು ಬೊಮ್ಮಣ್ಣ, ಮೃತಪಟ್ಟರು. ಗುಂಪು ಕಲ್ಲು ತೂರಿತು. ಪೊಲೀಸರು ಆತ್ಮರಕ್ಷಣೆಗೆ ಗುಂಡು ಹಾರಿಸಬೇಕಾಯಿತು. ಅಪಾಯವಿದೆಯೆಂದು ಯಾರಿಗೂ ಅರ್ಥವಾಗುವಂಥ ಎಚ್ಚರಿಕೆ ಯಾರೂ ಕೊಟ್ಟಿರಲಿಲ್ಲವೆಂದು ಸಬ್ ಇನ್ಸ್‌ಪೆಕ್ಟರ್ ವರದಿ ಮಾಡಿದ್ದಾರೆ. ನನ್ನ ವರದಿಯೂ ಅದಕ್ಕೆ ವಿರುದ್ಧವಾಗಿಲ್ಲ.

ನಿನ್ನ ಪತಿ ಕದರಪ್ಪನವರ ಬಂಧನ ನನ್ನ ಕೈಯಲ್ಲಿರಲಿಲ್ಲ. ಅಪಾಯ ಗೊತ್ತಿದ್ದೂ ಬೇಕೆಂದೇ ಹಮಾಲರನ್ನು ಸಾಯಲು ಇಳಿಯಬಿಟ್ಟರೆಂಬ ಆರೋಪ ಅವರ ಮೇಲಿದೆ. ಒಳ್ಳೆಯ ವಕೀಲರನ್ನು ನೇಮಿಸುವುದು ಉತ್ತಮ.

ನಿನ್ನ ಆರೋಗ್ಯ ನೋಡಿಕೋ.

ಎಲ್. ನರಸಪ್ಪ


ಮಡಕಶಿರಾ
6 ಡಿಸೆಂಬರ್ 1943

ನರಸಪ್ಪನಿಗೆ,

ನಿನ್ನ ಪತ್ರವನ್ನು ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಬಹುದಿತ್ತು. ಅಕ್ಕನಿಗೆ ಮಾತ್ರ ಬರೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಭಾವ ಎಂಬ ಮಾತು ಕೂಡ ಇಲ್ಲ.

ನಾನು ಕಂಡದ್ದನ್ನು ಬರೆಯುತ್ತೇನೆ. ಕಾಣದ್ದನ್ನು ನಿನ್ನ ಭಾವ ಸಬ್‌ಜೈಲಿನ ಕಂಬಿಯಾಚೆಯಿಂದ ಹೇಳಿದರು. ಅವರ ದವಡೆ ಮುರಿದಿದೆ. ಒಂದೊಂದು ಮಾತಿಗೂ ಜೊಲ್ಲು, ರಕ್ತ ಒರೆಸಿಕೊಂಡು ಹೇಳಿದರು.

ನಿಮ್ಮ ಲಾರಿ ಬಂದಾಗ ಅವರು ಎತ್ತಿಗೆ ಹುಲ್ಲು ಹಾಕುತ್ತಿದ್ದರು. ಪೊಲೀಸರು ಗಂಡಸರನ್ನೆಲ್ಲ ಚಾವಡಿಯ ಮುಂದೆ ಕೂರಿಸಿದರು. ನೀನು ಗಡಾರಿ ಹಾಕಿಸಿ ಚಪ್ಪಡಿ ಎಬ್ಬಿಸಿದೆ. ಆಗ ಅವರು ಎದ್ದು ನಿಂತು ಕೂಗಿದರು: "ಬಾಯಿ ಬಿಚ್ಚಿ ಬಿಟ್ಟಿರಿ, ಗಾಳಿ ಆಡ್ಲಿ. ಸಂಜೆ ಮುಂದೆ ದೀಪ ಬಿಟ್ಟು ನೋಡ್ದೆ ಯಾರೂ ಇಳೀಬ್ಯಾಡ್ರಿ, ಸತ್ತೋಗ್ತೀರ." ಮುಚ್ಚಿದ ಹಗೇವಿನ ಗಾಳಿ ವಿಷ. ರಾಗಿಯೇ ಅದನ್ನು ಹಾಗೆ ಮಾಡುತ್ತದೆ. ಹಗ್ಗಕ್ಕೆ ಕಟ್ಟಿ ಬಿಟ್ಟ ದೀಪ ತಳದಲ್ಲಿ ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ನಮ್ಮಲ್ಲಿ ಎಮ್ಮೆ ಕಾಯುವವರಿಗೂ ಗೊತ್ತು.

ಪೊಲೀಸರಿಗೆ ಅವರ ಮಾತು ತಿಳಿಯಲಿಲ್ಲ, ಒಪ್ಪುತ್ತೇನೆ. ಆದರೆ ಪೆದ್ದಣ್ಣನಿಗೆ ತಿಳಿಯಿತು. ಹಗ್ಗ ಕೆಳಗೆ ಹಾಕಿ, "ಸಾಹೇಬ್ರ, ಅವ್ರು ಹೇಳೂದು ಖರೆ ಐತ್ರಿ. ನಮ್ಮ ಕಡೆನೂ ದೀಪ ಬಿಟ್ಟ ಇಳೀತೀವ್ರಿ" ಎಂದ. ನೀನು, "ಸಂಜೆತನಕ ಕಾದರೆ ಇವರು ಇನ್ನೊಂದು ಹಗೇವು ಖಾಲಿ ಮಾಡುತ್ತಾರೆ. ಇಳಿ" ಎಂದೆ. ಅವನು ಅಲ್ಲೇ ನಿಂತ. ಸಬ್ ಇನ್ಸ್‌ಪೆಕ್ಟರ್ ಅವನ ಬೆನ್ನಿಗೆ ಲಾಠಿಯಲ್ಲಿ ಬಾರಿಸಿದ. ಅವನು ಇಳಿದ. ಒಳಗಿಂದ ಸದ್ದೇ ಬರಲಿಲ್ಲ. ಅವನು ಯಾಕೆ ಮಾತಾಡುತ್ತಿಲ್ಲ, ನೋಡು ಎಂದು ನೀನು ಬೊಮ್ಮಣ್ಣನನ್ನು ಇಳಿಸಿದೆ.

ನಿನ್ನ ಭಾವ ಪೊಲೀಸರನ್ನು ತಳ್ಳಿ ಓಡಿದರು. ಉಸಿರು ಕಟ್ಟಿ ಇಳಿದು ಬೊಮ್ಮಣ್ಣನ ಕಂಕುಳಿಗೆ ಹಗ್ಗ ಬಿಗಿದು ಮೇಲೆ ಬಂದರು. ಮೇಲೆ ಬಂದದ್ದು ಹೆಣ. ಇನ್ನೊಬ್ಬನಿಗಾಗಿ ಮತ್ತೆ ಬಗ್ಗಿದಾಗ ಬಂದೂಕಿನ ಹಿಡಿ ದವಡೆಗೆ ಬಿತ್ತು. ಊರು ಎದ್ದದ್ದು ಆಗ. ಕಲ್ಲು ಬಿದ್ದದ್ದು ಆಗ. ಉಸಿರಿಲ್ಲದವನ ಮುಖಕ್ಕೆ ಚಿಮುಕಿಸಲು ಬಿಂದಿಗೆ ತಂದ ಪಾಪಕ್ಕನ ಕತ್ತಿಗೆ ಗುಂಡು ಹೊಕ್ಕದ್ದು ಆಗ. ಬೋರಪ್ಪನ ಎಡಗಿವಿ ಹರಿದುಹೋಯಿತು. ಅವನು ಅವತ್ತಿನಿಂದ ಗುಡ್ಡ ಸೇರಿದ್ದಾನೆ.

ಇನ್ನು ನಾನು ಕಂಡದ್ದು. ಹೆಣಗಳನ್ನು ಆಸ್ಪತ್ರೆಗೆ ತಂದರು. ತೊಳೆದವಳು ನಾನು. ಪಾಪಕ್ಕನ ತಲೆ ಚರ್ಮದ ಮೇಲೆ ನಿಂತಿತ್ತು. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಪಾಪಕ್ಕ. ಪೆದ್ದಣ್ಣನ ಹತ್ತು ಉಗುರುಗಳ ಸಂದಿಯಲ್ಲೂ ರಾಗಿ, ಗೋಡೆಯ ಮಣ್ಣು ಇತ್ತು. ಗೋಡೆ ಹತ್ತಲು ನೋಡಿದ್ದಾನೆ.

ಊರಿನವರ ಸಾಕ್ಷಿಯನ್ನು ಕೋರ್ಟು ನಂಬುವುದಿಲ್ಲ ಎಂದು ವಕೀಲರು ಹೇಳುತ್ತಾರೆ. ಉಳಿದ ಹಮಾಲರು ಸರ್ಕಾರದ ಕೂಲಿಯವರು, ಬಾಯಿ ಬಿಡುವುದಿಲ್ಲ. ಆ ಕೂಗು ಕೇಳಿ ಅರ್ಥ ಮಾಡಿಕೊಂಡ ಅಧಿಕಾರಿ ನೀನೊಬ್ಬನೇ. ನೀನು ಹೇಳಿದರೆ ನಿನ್ನ ಭಾವ ಮನೆಗೆ ಬರುತ್ತಾರೆ. ಹೇಳದಿದ್ದರೆ ಅವರಿಗೆ ಗಲ್ಲು.

ಚಿತ್ತಮ್ಮ


ರಾಯದುರ್ಗ
17 ಜನವರಿ 1944

ಅಕ್ಕನಿಗೆ,

ಉತ್ತರ ತಡವಾಯಿತು. ಪತ್ರವನ್ನು ಮೂರು ಸಲ ಬರೆದು ಹರಿದೆ.

ನೀನು ಕೇಳುವುದು ಎಷ್ಟು ದೊಡ್ಡದೆಂದು ನಿನಗೆ ಗೊತ್ತಿಲ್ಲ. ನನ್ನ ಹೇಳಿಕೆಗೆ ಆಗಲೇ ಸಹಿ ಆಗಿದೆ. ಈಗ ಬೇರೆ ಹೇಳಿದರೆ ಸುಳ್ಳು ವರದಿ ಕೊಟ್ಟನೆಂದು ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಯುದ್ಧ ಮುಗಿದ ಮೇಲೆ ಪಾಲುದಾರನಾಗಿ ಬಾ ಎಂದು ಕಂಪನಿಯ ದೊರೆ ಬರೆದಿದ್ದಾರೆ. ಅವರ ವ್ಯವಹಾರವೆಲ್ಲ ನಂಬಿಕೆಯದು. ಮಸಿ ಬಿದ್ದ ಹೆಸರು ಅವರಿಗೆ ಬೇಡ. ವಕೀಲರ ಖರ್ಚಿಗೆ ಮನಿಯಾರ್ಡರ್ ಮಾಡಿದ್ದೇನೆ. ಎಷ್ಟು ಬೇಕಾದರೂ ಕಳಿಸುತ್ತೇನೆ.

ಇಲ್ಲಿಯೂ ನೆಮ್ಮದಿಯಿಲ್ಲ. ಹೋದ ವಾರ ಬೆಟ್ಟದ ಬುಡದಲ್ಲಿ ನಮ್ಮ ಲಾರಿಗೆ ಬೆಂಕಿ ಇಟ್ಟರು. ಒಳಗಿದ್ದ ಕ್ಲೀನರನ ಕೈಗಳ ಚರ್ಮ ಕೈಗವಸಿನ ಹಾಗೆ ಕಳಚಿ ಬಂತು. ಅವನ ಕಿರುಚಾಟ ಕೋಟೆಯ ಬಂಡೆಗೆ ಬಡಿದು ಮತ್ತೆ ಊರಿಗೆ ಕೇಳಿಸುತ್ತಿತ್ತು.

ಪೆದ್ದಣ್ಣನ ಹೆಂಡತಿ ಬಸಲಿಂಗಮ್ಮ ಕಚೇರಿಯ ಗೇಟಿನಲ್ಲಿ ಬಂದು ಕೂರುತ್ತಾಳೆ. ಪರಿಹಾರ ಕೇಳುವುದಿಲ್ಲ, ಅಳುವುದಿಲ್ಲ. ನಾನು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಕೇಳುತ್ತಾಳೆ: "ಯಾಕ ಇಳಿಸಿದ್ರಿ?" ಪೊಲೀಸರು ಅವಳನ್ನು ಕೂದಲು ಹಿಡಿದು ಎಳೆದು ಹಾಕಿದರು. ಮಾರನೆಯ ದಿನ ತಲೆಗೆ ಬಟ್ಟೆ ಸುತ್ತಿಕೊಂಡು ಮತ್ತೆ ಬಂದಿದ್ದಳು.

ಭಾವನ ಕೂಗು ನನಗೆ ಕೇಳಿಸಿತೋ ಇಲ್ಲವೋ ಎಂದು ಈ ಪತ್ರದಲ್ಲಿ ಬರೆಯಲಾರೆ. ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ನಿನ್ನ
ನರಸಪ್ಪ


ಮಡಕಶಿರಾ
20 ಫೆಬ್ರವರಿ 1944

ನರಸಪ್ಪ,

ನಿನ್ನ ದುಡ್ಡು ವಾಪಸ್ಸು ಕಳಿಸಿದ್ದೇನೆ.

ವಿಚಾರಣೆ ಮಾರ್ಚ್ ಎರಡನೆಯ ವಾರ, ಅನಂತಪುರದ ಸೆಷನ್ಸ್ ಕೋರ್ಟಿನಲ್ಲಿ. ನಿನ್ನನ್ನು ಸರ್ಕಾರದ ಪರ ಸಾಕ್ಷಿಯೆಂದು ಕರೆದಿದ್ದಾರೆ. ನೀನು ಏನು ಹೇಳುತ್ತೀಯೋ ನಾನು ಇನ್ನು ಕೇಳುವುದಿಲ್ಲ. ಬೇರೊಂದು ವಿಷಯ ಹೇಳಬೇಕಾಗಿದೆ.

ಬೋರಪ್ಪ ಸಂಜೆ ಹೊತ್ತು ಮನೆಗೆ ಬಂದಿದ್ದ. ಕಿವಿ ಇದ್ದಲ್ಲಿ ಕೀವು. ಕಟ್ಟು ಹಾಕಿದೆ. ಕುರಿಗಳಿಗೆ ಸೊಪ್ಪು ಕಡಿಯುವ ಮಚ್ಚನ್ನು ನನ್ನ ಒರಳು ಕಲ್ಲಿನ ಮೇಲೇ ಮಸೆದ. ಬೇಡ ಕಣಪ್ಪಾ, ನಿಮ್ಮಣ್ಣನಿಗೆ ಇನ್ನೂ ಕಷ್ಟವಾಗುತ್ತದೆ ಎಂದೆ. "ಅತ್ತಿಗೆ, ಅವ್ನು ಕೋರ್ಟು ಮೆಟ್ಲು ಹತ್ತುದ್ರೆ ಅಣ್ಣನ ಕುತ್ತಿಗೆಗೆ ಹಗ್ಗ. ಅವ್ನು ಹತ್ತಬಾರ್ದು, ಅಷ್ಟೇಯ" ಎಂದ. ನೀನು ರಾಯದುರ್ಗದಿಂದ ಕಲ್ಯಾಣದುರ್ಗದ ಮೇಲೆ ಬರುವ, ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಬರುತ್ತೀಯೆಂದು ಅವನು ವಿಚಾರಿಸಿಕೊಂಡಿದ್ದಾನೆ. ಅನಂತಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾನೆ. ಪೊಲೀಸರಿಗೆ ಹೇಳಿದರೆ ಅವನನ್ನು ಗುಡ್ಡದಲ್ಲೇ ಕೊಲ್ಲುತ್ತಾರೆ. ಹೇಳಲಾರೆ.

ಬಸ್ಸಿನಲ್ಲಿ ಬರಬೇಡ. ಬಳ್ಳಾರಿ, ಗುಂತಕಲ್ಲಿನ ಮೇಲೆ ರೈಲಿನಲ್ಲಿ ಬಾ. ನಾನು ಸ್ಟೇಷನ್ನಿನಲ್ಲಿ ಇರುತ್ತೇನೆ, ನಿನ್ನ ಪಕ್ಕದಲ್ಲೇ ನಡೆದು ಬರುತ್ತೇನೆ. ನಾನು ಇದ್ದರೆ ಬೋರಪ್ಪ ಕೈ ಎತ್ತುವುದಿಲ್ಲ.

ನೀನು ಸತ್ತರೆ ಅಳುತ್ತೇನೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೂ ಹೇಳುತ್ತಿದ್ದೇನೆ. ನಿನ್ನ ಭಾವ ತಮ್ಮ ಬೀದಿಯ ರಾಗಿ ಹೊತ್ತೊಯ್ಯಲು ಬಂದವರಿಗೂ ಕೂಗಿ ಹೇಳಿದರು. ಅವರ ಹೆಂಡತಿ ನಾನು.

ಚಿತ್ತಮ್ಮ


ಮಡಕಶಿರಾ
9 ಏಪ್ರಿಲ್ 1944

ತಮ್ಮ ನರಸಪ್ಪನಿಗೆ,

ನಿನ್ನನ್ನು ಮದರಾಸಿನ ಆಸ್ಪತ್ರೆಗೆ ಸಾಗಿಸಿದರೆಂದು ತಿಳಿಯಿತು. ಅನಂತಪುರದಲ್ಲಿ ನಿನಗೆ ಮಾತಾಡುವ ಶಕ್ತಿ ಇರಲಿಲ್ಲ. ಅವತ್ತು ಏನಾಯಿತೆಂದು ನಿನಗೂ ಪೂರ್ತಿ ಗೊತ್ತಿರಲಾರದು, ಆದ್ದರಿಂದ ಬರೆಯುತ್ತೇನೆ.

ನಾನು ಬೆಳಿಗ್ಗೆಯಿಂದ ಸ್ಟೇಷನ್ನಿನಲ್ಲಿದ್ದೆ. ರೈಲು ಬಂತು, ಖಾಲಿಯಾಯಿತು, ಹೊರಟುಹೋಯಿತು. ನೀನು ಇಳಿಯಲಿಲ್ಲ. ನೀನು ಬರುವುದೇ ಇಲ್ಲವೆಂದುಕೊಂಡು ಕೋರ್ಟಿನ ಕಡೆ ನಡೆದೆ. ಬಸ್ ಸ್ಟ್ಯಾಂಡಿನ ಕಡೆಯಿಂದ ಜನ ಓಡಿ ಬರುತ್ತಿದ್ದರು. ಯಾರೋ ಅಧಿಕಾರಿಯನ್ನು ಕಡಿದರಂತೆ ಎಂದು ತೆಲುಗಿನಲ್ಲಿ ಹೇಳಿಕೊಂಡು ಹೋದರು.

ನೀನು ಬಸ್ಸಿನ ಇದ್ದಿಲು ಒಲೆಯ ಹತ್ತಿರ ಬಿದ್ದಿದ್ದೆ. ಬಲಗೈ ಮೊಣಕೈಯಿಂದ ಕೆಳಗೆ ಬರೀ ಚರ್ಮದಲ್ಲಿ ಜೋತಾಡುತ್ತಿತ್ತು. ಹೆಗಲ ಮೇಲೆ ಇನ್ನೊಂದು ಏಟು, ಮೂಳೆ ಬೆಳ್ಳಗೆ ಕಾಣುತ್ತಿತ್ತು. ತಲೆಗೆ ಬಟ್ಟೆ ಸುತ್ತಿದ ಹೆಂಗಸೊಬ್ಬಳು ತನ್ನ ಸೆರಗು ಹರಿದು ನಿನ್ನ ತೋಳಿಗೆ ಬಿಗಿದು, ಹಲ್ಲಿನಲ್ಲಿ ಗಂಟು ಎಳೆಯುತ್ತಿದ್ದಳು. ನಾನು ಕೂತು ಗಂಟನ್ನು ಸರಿಮಾಡಿದೆ. ಅವಳು ನಿನ್ನ ಕೆನ್ನೆಗೆ ಬಡಿದು ಹೇಳುತ್ತಲೇ ಇದ್ದಳು: "ಸಾಯಬ್ಯಾಡ್ರಿ. ಕೋರ್ಟಿನಾಗ ಹೇಳೂ ತನಕ ಸಾಯಬ್ಯಾಡ್ರಿ."

ಅವಳು ಬಸಲಿಂಗಮ್ಮ ಎಂದು ಆಮೇಲೆ ತಿಳಿಯಿತು.

ಜಡ್ಜಿಯವರು ಆಸ್ಪತ್ರೆಗೇ ಬಂದು ಹೇಳಿಕೆ ಬರೆದುಕೊಂಡರು. ಡಾಕ್ಟರು ಒಂದು ಮಾತಿಗೂ ಒಪ್ಪಿರಲಿಲ್ಲ, ನೀನೇ ಹಟ ಹಿಡಿದೆ. ಬೇಸಿನ್ನು ಹಿಡಿದು ನಿಂತವಳು ನಾನು. "ಕದರಪ್ಪನವರ ಕೂಗು ಕೇಳಿಸಿತು. ಅರ್ಥವೂ ಆಯಿತು. ಸಮಯ ಸಿಗಲೆಂದು ನೆಪ ಹೇಳುತ್ತಿದ್ದಾರೆ ಎಂದುಕೊಂಡೆ. ಇಬ್ಬರನ್ನೂ ಇಳಿಸಿದವನು ನಾನು" ಎಂದೆ. ಬಾಗಿಲಲ್ಲಿ ಬಸಲಿಂಗಮ್ಮ ನಿಂತಿದ್ದಳು. ಅದನ್ನು ಕೇಳಿ ಹೊರಟುಹೋದಳು. ಆಮೇಲೆ ಅವಳನ್ನು ನಾನು ನೋಡಲಿಲ್ಲ.

ನಿನ್ನನ್ನು ಕಡಿದವನು ಯಾರೆಂದು ಪೊಲೀಸರು ಕೇಳಿದರು. ಮುಖ ನೋಡಲಿಲ್ಲ ಎಂದೆ ನೀನು. ಬೋರಪ್ಪ ನಿನ್ನ ಎದುರಿಗೇ ನಿಂತು, ಹೆಸರು ಹಿಡಿದು ಕೂಗಿ ಕಡಿದನೆಂದು ಬಸ್ಸಿನ ಕಂಡಕ್ಟರೇ ಹೇಳುತ್ತಿದ್ದ. ನೀನು ನೋಡಲಿಲ್ಲವೆಂದ ಮೇಲೆ ಅವನೂ ನೋಡಲಿಲ್ಲವೆಂದ.

ನಿನ್ನ ಭಾವ ಬಿಡುಗಡೆಯಾದರು. ದವಡೆ ಓರೆಯಾಗಿಯೇ ಕೂಡಿದೆ. ರೊಟ್ಟಿ ಅಗಿಯಲಾಗುವುದಿಲ್ಲ, ಅಂಬಲಿ ಕುಡಿಯುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ.

ಒಂದು ಕೇಳಬೇಕು. ನನ್ನ ಫೆಬ್ರವರಿಯ ಪತ್ರ ನಿನಗೆ ತಲುಪಿರಲಿಲ್ಲವೇ?

ಚಿತ್ತಮ್ಮ


ಮದರಾಸು
30 ಜುಲೈ 1944

ಅಕ್ಕ,

ಇದು ಎಡಗೈ ಬರಹ. ಓದಲು ಕಷ್ಟವಾದರೆ ಕ್ಷಮಿಸು. ಚಿಕ್ಕದಾಗಿ ಬರೆಯುತ್ತೇನೆ.

ನಿನ್ನ ಪತ್ರ ತಲುಪಿತ್ತು.

ಹೊರಡುವ ಹಿಂದಿನ ದಿನ ಗೇಟಿನಲ್ಲಿ ಬಸಲಿಂಗಮ್ಮನಿಗೆ, ನಿನ್ನ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಕೊಡುತ್ತೇನೆ ಎಂದೆ. ಹಾಗಾದರೆ ನಾನೂ ಬರುತ್ತೇನೆ, ಕಣ್ಣೆದುರಿಗೇ ಕೂತು ಬರುತ್ತೇನೆ, ನಡುದಾರಿಯಲ್ಲಿ ಇಳಿದು ಓಡಿಹೋದರೆ ಎಂದಳು. ರೈಲಿನಲ್ಲಿ ಹೋಗೋಣ ಎಂದೆ. ಒಂದು ದಿನ ಸುತ್ತು ಹಾಕಿಸಿ ತಪ್ಪಿಸಿಕೊಳ್ಳುತ್ತೀರಿ, ಬಸ್ಸಿನಲ್ಲೇ ಬರಬೇಕು ಎಂದಳು. ಅವಳು ಹೇಳಿದ್ದು ಸಮಯ ಕೇಳಿದವರಿಗೆ ನಾನು ಹೇಳುತ್ತಿದ್ದ ಮಾತೇ. ಬಸ್ಸು ಹತ್ತಿದೆ. ಬೋರಪ್ಪನನ್ನು ದೂರದಿಂದಲೇ ಗುರುತು ಹಿಡಿದೆ, ಕಿವಿ ನೋಡಿ. ನಾನು ಹೇಳಲು ಬಂದದ್ದು ಬೇರೆ ಎಂದು ಅವನಿಗೆ ತಿಳಿಸಬೇಕಿತ್ತು. ಕೂಗಿದೆ. ಅವನು ನಿಲ್ಲಲಿಲ್ಲ. ನಾನು ಪ್ರಾಣ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡನೇನೋ.

ಸರ್ಕಾರ ವಜಾ ಮಾಡಿದೆ. ಮೊಕದ್ದಮೆ ಹಾಕಲಿಲ್ಲ. ಹಾಕಿದರೆ ಗುಂಡು ಹಾರಿಸಿದ ವಿಷಯವೂ ಹೊರಗೆ ಬರುತ್ತದೆ. ಕಂಪನಿಗೆ ಹೋಗಿದ್ದೆ. ದೊರೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ಕೊಡಿಸಿದರು, ಯುದ್ಧದ ಮಾತಾಡಿದರು, ಬಾಗಿಲತನಕ ಬಂದು ಕಳಿಸಿದರು. ಪಾಲುದಾರಿಕೆಯ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊನ್ನೆ ನಾನು ಎಡಗೈಯಲ್ಲಿ ಬರೆದ ಚೆಕ್ಕು ಬ್ಯಾಂಕಿನಿಂದ ವಾಪಸ್ಸು ಬಂತು. ಸಹಿ ಹೊಂದುವುದಿಲ್ಲವಂತೆ. ಹೋಗಿ ಮೊಂಡುಗೈ ತೋರಿಸಿದೆ. ಗುಮಾಸ್ತ ಎದ್ದು ನಿಂತ, ಆದರೂ ಹೊಸ ಸಹಿಗೆ ಪರಿಚಿತರೊಬ್ಬರು ಸಾಕ್ಷಿ ಹಾಕಬೇಕು ಎಂದ. ಯಾರನ್ನು ಕರೆದೊಯ್ಯಲಿ ಎಂದು ಯೋಚಿಸುತ್ತಿದ್ದೇನೆ.

ಊರಿಗೆ ಬರಬಹುದೇ ಎಂದು ಭಾವನನ್ನು ಕೇಳು. ಬೇಡ ಎಂದರೆ ಬರುವುದಿಲ್ಲ.

ನರಸಪ್ಪ


ಮಡಕಶಿರಾ
12 ನವೆಂಬರ್ 1944

ತಮ್ಮ ನರಸಪ್ಪನಿಗೆ ಆಶೀರ್ವಾದ.

ಉತ್ತರ ಇಷ್ಟು ತಿಂಗಳು ತಡವಾದದ್ದು ನಾನು ಕೇಳದೆ ಇದ್ದದ್ದರಿಂದ. ಕೇಳಲು ಬಾಯಿ ಬರಲಿಲ್ಲ. ಪಾಪಕ್ಕನ ಮಗಳ ಮನೆ ಇಲ್ಲಿ ಮಡಕಶಿರಾದಲ್ಲಿ ನಮ್ಮ ಮನೆಯ ಎದುರಿಗೇ ಇದೆ. ಪ್ರತಿ ದಿನ ಬಾಗಿಲು ತೆಗೆದರೆ ಅವಳ ಮುಖ. ಬೋರಪ್ಪ ಕುರಿಗಳ ಜೊತೆ ಇದ್ದಾನೆ. ಕುರಿ ಕೊಯ್ಯುವುದನ್ನು ಬಿಟ್ಟಿದ್ದಾನೆ, ರಕ್ತ ಕಂಡರೆ ಎದ್ದು ಹೋಗುತ್ತಾನೆ. ನೀನು ಯಾವಾಗ ಬರುತ್ತೀಯೆಂದು ಒಂದು ಸಲ ಕೇಳಿದ. ಯಾಕೆ ಎಂದು ನಾನು ಕೇಳಲಿಲ್ಲ.

ಹೋದ ಗುರುವಾರ ಹಗೇವು ತೆಗೆದರು. ಹೋದ ವರ್ಷ ಆ ದಿನ ನಿಮ್ಮ ಲಾರಿ ರಾಗಿ ಬಿಟ್ಟು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನೀವು ಎಬ್ಬಿಸಿಟ್ಟು ಹೋದ ಚಪ್ಪಡಿಯನ್ನು, ನಿನ್ನ ಭಾವ ಜೈಲಿನಲ್ಲಿದ್ದುದರಿಂದ, ಬೀದಿಯವರೇ ಅವತ್ತು ಮುಚ್ಚಿ ಮಣ್ಣು ಮೆತ್ತಿದ್ದರು. ನಾನೂ ಹೋಗಿದ್ದೆ. ಚಪ್ಪಡಿ ಸರಿಸಿ ಎಲ್ಲರೂ ದೂರ ಕೂತೆವು. ಸಂಜೆ ದೀಪ ಬಿಟ್ಟರು. ಅದು ಅರ್ಧಕ್ಕೇ ಆರಿತು. ಮಾರನೆಯ ದಿನ ಬಿಟ್ಟರು, ತಳ ಮುಟ್ಟಿ ಉರಿಯಿತು. ಮೊದಲು ಇಳಿದವರು ನಿನ್ನ ಭಾವ. ಗೋಡೆಯ ಮೇಲೆ ಪೆದ್ದಣ್ಣನ ಉಗುರಿನ ಗೆರೆಗಳು ಇನ್ನೂ ಇವೆಯಂತೆ. ಅದನ್ನು ಕೆರೆದು ಸಮ ಮಾಡಬೇಡಿ ಎಂದರು. ರಾಗಿ ಕೆಟ್ಟಿರಲಿಲ್ಲ. ಪಾಲು ಹಂಚುವಾಗ ನಿನ್ನ ಪಾಲನ್ನು ಬಸಲಿಂಗಮ್ಮನಿಗೂ ಬೊಮ್ಮಣ್ಣನ ಮನೆಗೂ ರಾಯದುರ್ಗಕ್ಕೆ ಕಳಿಸಿದರು. ನಿನ್ನನ್ನು ಕೇಳಲಿಲ್ಲ. ನಾನೂ ಬೇಡವೆನ್ನಲಿಲ್ಲ.

ಮನೆಗೆ ಬಂದ ಮೇಲೆ ನಿನ್ನ ಪತ್ರ ತೆಗೆದು ಓದಿ ಹೇಳಿದೆ. ಕಡೆಯ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡರು. ಅಂಬಲಿ ಕುಡಿದು ಮುಗಿಸಿದರು, ಬಟ್ಟಲು ತೊಳೆದು ಬೋರಲು ಹಾಕಿದರು. ಆಮೇಲೆ ಹೇಳಿದರು. ಓರೆ ದವಡೆಯಲ್ಲಿ ಅವರ ಮಾತು ಈಗ ಹೊರಗಿನವರಿಗೆ ಅರ್ಥವಾಗುವುದಿಲ್ಲ, ನನಗೆ ಆಗುತ್ತದೆ.

"ಬಾಯಿ ಬಿಚ್ಚಿ ಬಿಟ್ಟಿರು. ಗಾಳಿ ಆಡ್ಲಿ. ಈಗ್ಲೇ ಇಳೀಬ್ಯಾಡ ಅನ್ನು."

ನಿನ್ನ ಅಕ್ಕ
ಚಿತ್ತಮ್ಮ